ವಿದ್ಯುತ್ ಚಾಲಿತ ರೋಲರ್ ಕನ್ವೇಯರ್‌ಗೆ ಮೋಟಾರು ಚಾಲನಾ ವ್ಯವಸ್ಥೆಯ ಆಯ್ಕೆ: ಅರ್ಜಿದಾರ ಉದ್ದಿಮೆದಾರರಿಗೆ ಮಾಹಿತಿ

ಸಣ್ಣ ಮತ್ತು ಅತಿಸಣ್ಣ ಕೈಗಾರಿಕಾ ಘಟಕಗಳನ್ನು ಸ್ಥಾಪಿಸಲು ಅಥವಾ ವಿಸ್ತರಿಸಲು ಸಾಲ, ಸಹಾಯಧನ ಹಾಗೂ ವಿದ್ಯುತ್ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವವರು ಯೋಜನಾ ವರದಿಯೊಡನೆ ಯಂತ್ರೋಪಕರಣಗಳ ದರಪಟ್ಟಿಯನ್ನು ಲಗತ್ತಿಸುವುದು ವಾಡಿಕೆ. ಈ ದರಪಟ್ಟಿಗಳಲ್ಲಿ ಸಾಗಣೆ ಯಂತ್ರಗಳ ಬಗ್ಗೆ ಬಹುಮಟ್ಟಿಗೆ ಒಂದೇ ಸಾಲು ಇರುತ್ತದೆ: "ರೋಲರ್ ಕನ್ವೇಯರ್, ಮೋಟಾರು ಸಹಿತ". ಯಾವ ಮೋಟಾರು, ಅದರ ಶಕ್ತಿ ರೋಲರುಗಳಿಗೆ ತಲುಪುವ ಬಗೆ ಯಾವುದು, ಕೆಟ್ಟರೆ ಸರಿಪಡಿಸುವವರು ಯಾರು ಎಂಬ ಪ್ರಶ್ನೆಗಳು ಕೇಳದೆಯೇ ಉಳಿದುಬಿಡುತ್ತವೆ. ಯಂತ್ರ ಬಂದಿಳಿದ ನಂತರ ಚಾಲನಾ ವ್ಯವಸ್ಥೆಯನ್ನು ಬದಲಿಸುವುದೆಂದರೆ ಚೌಕಟ್ಟನ್ನುಳಿದು ಉಳಿದೆಲ್ಲವನ್ನೂ ಬದಲಿಸಿದಂತೆಯೇ ಸರಿ. ಆದುದರಿಂದ ದರಪಟ್ಟಿಗೆ ಒಪ್ಪಿಗೆ ನೀಡುವ ಮುನ್ನವೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ವಿಷಯವು ತಾಂತ್ರಿಕವಾದುದೆಂದು ಅರ್ಜಿದಾರರು ಹಿಂಜರಿಯಬೇಕಾಗಿಲ್ಲ. ಗುಣಾಕಾರ, ಭಾಗಾಕಾರ ಬಲ್ಲವರೆಲ್ಲರೂ ಇದನ್ನು ಲೆಕ್ಕ ಹಾಕಬಹುದು.

ರೋಲರ್ ಕನ್ವೇಯರ್ ಯಾವುದಕ್ಕೆ ಸೂಕ್ತ?

ಸಾಲಾಗಿ ಜೋಡಿಸಿದ ಉಕ್ಕಿನ ರೋಲರುಗಳ ಮೇಲೆ ಸರಕನ್ನು ಸಾಗಿಸುವ ವ್ಯವಸ್ಥೆಗೆ ರೋಲರ್ ಕನ್ವೇಯರ್ ಎಂದು ಹೆಸರು. ರೋಲರುಗಳು ಮೋಟಾರಿನಿಂದ ತಿರುಗಿದರೆ ಅದು ವಿದ್ಯುತ್ ಚಾಲಿತ ಕನ್ವೇಯರ್. ಸರಕಿನ ತಳವು ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕೆಂಬುದು ಇದರ ಮೊದಲ ನಿಬಂಧನೆ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಕ್ರೇಟು, ಮರದ ಹಲಗೆಪೀಠ, ಗ್ರಾನೈಟ್ ಚಪ್ಪಡಿ ಮೊದಲಾದವು ಇದಕ್ಕೆ ಹೊಂದುತ್ತವೆ. ಗೋಣಿಚೀಲವು ರೋಲರುಗಳ ನಡುವೆ ಜೋತುಬೀಳುವುದರಿಂದ ಅದಕ್ಕೆ ಬೆಲ್ಟ್ ಕನ್ವೇಯರ್ ಮೇಲು. ಇಳಿಜಾರು ಅಥವಾ ಏರು ಇರುವಲ್ಲಿಯೂ ಸರಕು ಜಾರುವುದರಿಂದ ಬೆಲ್ಟನ್ನೇ ಬಳಸುವುದು ಲೇಸು.

ಸರಕಿನ ಅಡಿಯಲ್ಲಿ ಯಾವ ಕ್ಷಣದಲ್ಲಿಯೂ ಕನಿಷ್ಠ ಮೂರು ರೋಲರುಗಳಿರಬೇಕು. 300 ಮಿಲಿಮೀಟರ್ ಉದ್ದದ ಪೆಟ್ಟಿಗೆಗೆ ರೋಲರುಗಳ ನಡುವಣ ಅಂತರ 100 ಮಿಲಿಮೀಟರ್ ಮೀರಬಾರದು. ತಾವು ಸಾಗಿಸುವ ಅತಿ ಚಿಕ್ಕ ಪೆಟ್ಟಿಗೆಯ ಅಳತೆಯನ್ನು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ದೊಡ್ಡ ಪೆಟ್ಟಿಗೆಯ ಅಳತೆಯನ್ನಷ್ಟೇ ಹೇಳಿ ತೊಂದರೆಗೆ ಸಿಲುಕಿದವರು ಅನೇಕರು.

ಒಂದೇ ಮೋಟಾರಿನ ವ್ಯವಸ್ಥೆಗಳು

ಮೊದಲನೆಯದು ಸರಪಳಿ ಚಾಲನೆ. ಮೂರು ಫೇಸ್‌ನ ಇಂಡಕ್ಷನ್ ಮೋಟಾರು ಗೇರ್ ಬಾಕ್ಸಿನ ಮೂಲಕ ಒಂದು ರೋಲರನ್ನು ತಿರುಗಿಸುತ್ತದೆ. ಆ ರೋಲರಿನಿಂದ ಮುಂದಿನ ರೋಲರಿಗೆ, ಅದರಿಂದ ಮತ್ತೊಂದಕ್ಕೆ ಚಿಕ್ಕ ಚಿಕ್ಕ ಸರಪಳಿಗಳು ಚಲನೆಯನ್ನು ಒಯ್ಯುತ್ತವೆ. ಪ್ರತಿ ರೋಲರಿನ ತುದಿಯಲ್ಲಿ ಎರಡು ಹಲ್ಲುಗಾಲಿಗಳಿರುತ್ತವೆ. ಭಾರವಾದ ಸರಕಿಗೆ ಇದಕ್ಕಿಂತ ನಂಬಿಕೆಯ ಚಾಲನೆ ಇನ್ನೊಂದಿಲ್ಲ. ಇಳಕಲ್ ಮತ್ತು ಜಿಗಣಿಯಂತಹ ಸ್ಥಳಗಳ ಗ್ರಾನೈಟ್ ಘಟಕಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 3 ಮೀಟರ್ ಉದ್ದ, 1.8 ಮೀಟರ್ ಅಗಲ, 20 ಮಿಲಿಮೀಟರ್ ದಪ್ಪದ ಒಂದು ಚಪ್ಪಡಿಯ ತೂಕ ಸುಮಾರು 290 ಕಿಲೋಗ್ರಾಂ. ಹೊಳಪು ಕೊಡುವ ಯಂತ್ರದಿಂದ ಹೊರಬರುವಾಗ ಅದರ ಮೈಮೇಲೆ ನೀರು ಮತ್ತು ಕಲ್ಲಿನ ಕೆಸರು ಇರುತ್ತದೆ. ಘರ್ಷಣೆಯನ್ನೇ ನೆಚ್ಚಿದ ಬೆಲ್ಟ್ ಚಾಲನೆ ಇಂತಹ ಒದ್ದೆಯಲ್ಲಿ ಜಾರುತ್ತದೆ, ಸರಪಳಿ ಜಾರುವುದಿಲ್ಲ.

ಆದರೆ ಆ ಕೆಸರು ಸರಪಳಿಯ ಗ್ರೀಸಿನೊಡನೆ ಬೆರೆತರೆ ಉಜ್ಜುವ ಪುಡಿಯಂತೆಯೇ ವರ್ತಿಸಿ ಸರಪಳಿಯನ್ನೂ ಹಲ್ಲುಗಾಲಿಯನ್ನೂ ಸವೆಸುತ್ತದೆ. ಆದುದರಿಂದ ಸರಪಳಿಯು ನೀರು ಹರಿಯುವ ಭಾಗದಿಂದ ಹೊರಗೆ, ಪಕ್ಕದ ಮುಚ್ಚಿದ ಪೆಟ್ಟಿಗೆಯೊಳಗೆ ಇರುವಂತೆ ಕೇಳಿಕೊಳ್ಳಬೇಕು. ಇನ್ನೊಂದು ಸಂಗತಿಯೂ ಉಂಟು. ಈ ವ್ಯವಸ್ಥೆಯಲ್ಲಿ ಮೋಟಾರಿನ ಪಕ್ಕದ ಮೊದಲ ಸರಪಳಿಯು ಅದರಾಚೆಗಿನ ಎಲ್ಲ ರೋಲರುಗಳ ಭಾರವನ್ನು ಎಳೆಯಬೇಕಾಗುತ್ತದೆ. ಮೋಟಾರನ್ನು ಕನ್ವೇಯರಿನ ತುದಿಯಲ್ಲಿಡದೆ ಮಧ್ಯದಲ್ಲಿಟ್ಟರೆ ಆ ಎಳೆತ ಎರಡು ಕಡೆಗೆ ಹಂಚಿಹೋಗಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ನಕ್ಷೆ ತಯಾರಿಸುವಾಗಲೇ ಹೇಳಬೇಕಷ್ಟೆ.

ಎರಡನೆಯದು ಬೆಲ್ಟ್ ಚಾಲನೆ. ರೋಲರುಗಳ ಅಡಿಯಲ್ಲಿ ಉದ್ದಕ್ಕೂ ಓಡುವ ಚಪ್ಪಟೆ ಬೆಲ್ಟನ್ನು ಚಿಕ್ಕ ಒತ್ತುರೋಲರುಗಳು ಮೇಲಕ್ಕೆ ಒತ್ತಿಹಿಡಿಯುತ್ತವೆ. ಸದ್ದು ಕಡಿಮೆ, ಗ್ರೀಸಿನ ಅಗತ್ಯವಿಲ್ಲ. ರಟ್ಟಿನ ಪೆಟ್ಟಿಗೆಗಳ ಸಾಗಣೆಗೆ ಬಹುಕಾಲದಿಂದ ಬಳಕೆಯಲ್ಲಿರುವ ವ್ಯವಸ್ಥೆ ಇದು.

ಮೂರನೆಯದು ಉದ್ದ ದಂಡದ ಚಾಲನೆ. ಕನ್ವೇಯರಿನ ಉದ್ದಕ್ಕೂ ತಿರುಗುವ ಒಂದು ದಂಡ, ಅದರ ಮೇಲೆ ಪ್ರತಿ ರೋಲರಿಗೊಂದು ಪ್ಲಾಸ್ಟಿಕ್ ರಾಟೆ, ರಾಟೆಯಿಂದ ರೋಲರಿಗೆ ಕಾಲು ಸುತ್ತು ತಿರುಚಿ ಹಾಕಿದ ಪಾಲಿಯುರೆಥೇನ್ ದುಂಡು ಬೆಲ್ಟು. ಹಗುರವಾದ ಸರಕಿಗೆ ಇದು ಮಿತವ್ಯಯದ ಮಾರ್ಗ. ಪೆಟ್ಟಿಗೆಯೊಂದು ಎದುರಿಗೆ ತಡೆದು ನಿಂತರೆ ರಾಟೆಯು ದಂಡದ ಮೇಲೆ ಜಾರುತ್ತದೆ. ಪೆಟ್ಟಿಗೆಯೂ ಜಜ್ಜುವುದಿಲ್ಲ, ಮೋಟಾರಿಗೂ ಪೆಟ್ಟು ಬೀಳುವುದಿಲ್ಲ. ದಂಡವನ್ನು ಕೀಲುಜೋಡಣೆಯಿಂದ ಬಾಗಿಸಿ ತಿರುವುಗಳಲ್ಲಿಯೂ ಕೊಂಡೊಯ್ಯಬಹುದು. ದುಂಡು ಬೆಲ್ಟುಗಳು ಕಾಲಕ್ರಮೇಣ ಸಡಿಲವಾಗಿ ಹರಿಯುತ್ತವೆ. ಕೆಲವು ಕಡೆ ದಂಡವನ್ನು ಬಿಚ್ಚದೆ ಹೊಸ ಬೆಲ್ಟು ಹಾಕಲಾಗುವುದಿಲ್ಲ. ಆದುದರಿಂದ ಯಂತ್ರ ಜೋಡಿಸುವಾಗಲೇ ದಂಡದ ಮೇಲೆ ಒಂದಷ್ಟು ಬೆಲ್ಟುಗಳನ್ನು ಹೆಚ್ಚುವರಿಯಾಗಿ ಪೋಣಿಸಿಡುವಂತೆ ಕೇಳುವುದು ಜಾಣತನ.

ರೋಲರಿನೊಳಗೇ ಮೋಟಾರು

ಇತ್ತೀಚಿನ ವರ್ಷಗಳಲ್ಲಿ ಮಾರಾಟಗಾರರು ಹೆಚ್ಚಾಗಿ ಶಿಫಾರಸು ಮಾಡುತ್ತಿರುವುದು ಮೋಟಾರು ರೋಲರನ್ನು. ಇದರಲ್ಲಿ ಪ್ರತ್ಯೇಕ ಮೋಟಾರು ಇರುವುದಿಲ್ಲ. ರೋಲರಿನ ಕೊಳವೆಯೊಳಗೇ ಬ್ರಷ್ ರಹಿತವಾದ ಚಿಕ್ಕ ನೇರ ವಿದ್ಯುತ್ ಮೋಟಾರನ್ನು ಅಡಗಿಸಲಾಗಿರುತ್ತದೆ. ಸಾಮಾನ್ಯವಾಗಿ 24 ವೋಲ್ಟ್, ಕೆಲವು ತಯಾರಿಕೆಗಳಲ್ಲಿ 48 ವೋಲ್ಟ್ ವಿದ್ಯುತ್ತಿನಿಂದ ಇದು ನಡೆಯುತ್ತದೆ. ಕನ್ವೇಯರನ್ನು ಪೆಟ್ಟಿಗೆಯ ಉದ್ದಕ್ಕಿಂತ ತುಸು ಹೆಚ್ಚಿನ ಅಳತೆಯ ವಿಭಾಗಗಳನ್ನಾಗಿ ಮಾಡಿ, ಪ್ರತಿ ವಿಭಾಗಕ್ಕೆ ಒಂದು ಮೋಟಾರು ರೋಲರನ್ನೂ ಒಂದು ಬೆಳಕಿನ ಸಂವೇದಕವನ್ನೂ ಅಳವಡಿಸುತ್ತಾರೆ. ವಿಭಾಗದ ಉಳಿದ ರೋಲರುಗಳು ಚಿಕ್ಕ ಬೆಲ್ಟುಗಳ ಮೂಲಕ ಅದರೊಡನೆ ತಿರುಗುತ್ತವೆ.

ಇದರ ನಿಜವಾದ ಪ್ರಯೋಜನವು ಸರಕು ನಿಲ್ಲುವ ಬಗೆಯಲ್ಲಿದೆ. ಮುಂದಿನ ವಿಭಾಗದಲ್ಲಿ ಪೆಟ್ಟಿಗೆಯಿದ್ದರೆ ಹಿಂದಿನ ವಿಭಾಗ ತಾನಾಗಿಯೇ ನಿಲ್ಲುತ್ತದೆ. ಪೆಟ್ಟಿಗೆಗಳು ಒಂದನ್ನೊಂದು ತಳ್ಳುವುದಿಲ್ಲ. ಗಾಜಿನ ಬಾಟಲಿ, ಮೊಟ್ಟೆ, ತೆಳುವಾದ ರಟ್ಟಿನ ಪೆಟ್ಟಿಗೆ ಇವುಗಳನ್ನು ಸಾಲಿನಲ್ಲಿ ಕಾಯಿಸಬೇಕಾದ ಘಟಕಗಳಿಗೆ ಇದು ದೊಡ್ಡ ಅನುಕೂಲ. ಸದ್ದೂ ಬಹಳ ಕಡಿಮೆ.

ಇದರ ತೊಡಕುಗಳನ್ನೂ ಹೇಳಬೇಕು. 24 ವೋಲ್ಟಿನ ತಂತಿಯಲ್ಲಿ ದೂರ ಹೆಚ್ಚಿದಂತೆ ವೋಲ್ಟೇಜ್ ಬೇಗ ಕುಸಿಯುತ್ತದೆ. 415 ವೋಲ್ಟಿನಲ್ಲಿ 2 ವೋಲ್ಟ್ ಕಡಿಮೆಯಾದರೆ ಮೋಟಾರಿಗೆ ತಿಳಿಯುವುದೂ ಇಲ್ಲ. 24ರಲ್ಲಿ 2 ಹೋದರೆ ನೂರಕ್ಕೆ 8ರಷ್ಟು ನಷ್ಟ. ಆದುದರಿಂದ ದಪ್ಪ ತಂತಿ ಬೇಕು, ವಿದ್ಯುತ್ ಪೂರೈಕೆ ಪೆಟ್ಟಿಗೆಗಳನ್ನು ಕನ್ವೇಯರಿನ ಉದ್ದಕ್ಕೂ ಅಲ್ಲಲ್ಲಿ ಇರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ರೋಲರು ಕೆಟ್ಟರೆ ರೀವೈಂಡಿಂಗ್ ಮಾಡಿಸಲು ಬರುವುದಿಲ್ಲ. ಸಾಧಾರಣ ಇಂಡಕ್ಷನ್ ಮೋಟಾರು ಸುಟ್ಟರೆ ತಾಲ್ಲೂಕು ಕೇಂದ್ರದ ರೀವೈಂಡಿಂಗ್ ಅಂಗಡಿಯಲ್ಲಿ ಒಂದೆರಡು ದಿನಗಳಲ್ಲಿ ಸರಿಯಾಗಿ ಬರಬಹುದು. ಮೋಟಾರು ರೋಲರನ್ನೂ ಅದರ ನಿಯಂತ್ರಣ ಕಾರ್ಡನ್ನೂ ಪೂರ್ತಿಯಾಗಿಯೇ ಬದಲಿಸಬೇಕು, ಅದೂ ಅದೇ ತಯಾರಕರಿಂದ. ಇದನ್ನು ಆಯ್ಕೆ ಮಾಡುವವರು ಕನಿಷ್ಠ ಒಂದು ರೋಲರು ಮತ್ತು ಒಂದು ಕಾರ್ಡನ್ನು ಬಿಡಿಭಾಗವಾಗಿ ಮೊದಲ ಖರೀದಿಯಲ್ಲಿಯೇ ಸೇರಿಸಿ ಯೋಜನಾ ವೆಚ್ಚದಲ್ಲಿ ತೋರಿಸುವುದು ಸೂಕ್ತ. ಆಮೇಲೆ ಅದಕ್ಕೆ ಹಣ ಹೊಂದಿಸುವುದು ಕಷ್ಟವಾದೀತು.

ಎಷ್ಟು ಅಶ್ವಶಕ್ತಿ ಬೇಕು? ಒಂದು ಲೆಕ್ಕ

ಮೋಟಾರು ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಭಾವನೆ ಸಾಮಾನ್ಯವಾಗಿದೆ. ವಿದ್ಯುತ್ ಸಂಪರ್ಕದ ಅರ್ಜಿಯಲ್ಲಿ ನಮೂದಿಸುವ ಹೊರೆಯ ಮೇಲೆ ಪ್ರತಿ ತಿಂಗಳೂ ನಿಗದಿತ ಶುಲ್ಕ ಬೀಳುತ್ತದೆ. ಯಂತ್ರ ನಡೆದರೂ ನಡೆಯದಿದ್ದರೂ ಅದನ್ನು ಕಟ್ಟಲೇಬೇಕು. ಆದುದರಿಂದ ಅನಗತ್ಯ ಅಶ್ವಶಕ್ತಿಯೆಂದರೆ ಘಟಕ ಇರುವವರೆಗೂ ತೆರುವ ದಂಡ.

ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಪೊಟ್ಟಣ ಕಟ್ಟಿ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬುವ ಒಂದು ಘಟಕವನ್ನು ಊಹಿಸಿಕೊಳ್ಳೋಣ. ಕನ್ವೇಯರಿನ ಉದ್ದ 12 ಮೀಟರ್. ಪೆಟ್ಟಿಗೆಯ ಉದ್ದ 400 ಮಿಲಿಮೀಟರ್, ತೂಕ 15 ಕಿಲೋಗ್ರಾಂ. ಪೆಟ್ಟಿಗೆಗಳು ಒತ್ತೊತ್ತಾಗಿ ನಿಂತರೆ 30 ಪೆಟ್ಟಿಗೆ, ಅಂದರೆ 450 ಕಿಲೋಗ್ರಾಂ. ತಿರುಗುವ ರೋಲರು ಮತ್ತು ಬೆಲ್ಟಿನ ತೂಕವನ್ನು 300 ಎಂದು ಹಿಡಿದರೆ ಒಟ್ಟು 750 ಕಿಲೋಗ್ರಾಂ. ಬೇರಿಂಗುಗಳು ಚೆನ್ನಾಗಿದ್ದು ಪೆಟ್ಟಿಗೆಯ ತಳ ಗಟ್ಟಿಯಾಗಿದ್ದರೆ, ಈ ಭಾರವನ್ನು ಮುಂದಕ್ಕೆ ಸರಿಸಲು ಬೇಕಾಗುವ ಎಳೆತ ತೂಕದ ನೂರಕ್ಕೆ ಸುಮಾರು 5 ಭಾಗ. ತಳ ಮೆತ್ತಗಿದ್ದರೆ ಇನ್ನೂ ಹೆಚ್ಚು. 750ನ್ನು 9.81ರಿಂದ ಗುಣಿಸಿ, ಮತ್ತೆ 0.05ರಿಂದ ಗುಣಿಸಿದರೆ ಸುಮಾರು 368 ನ್ಯೂಟನ್. ಸೆಕೆಂಡಿಗೆ 0.3 ಮೀಟರ್ ವೇಗಕ್ಕೆ ಬೇಕಾಗುವ ಶಕ್ತಿ 368 ಗುಣಿಸು 0.3, ಅಂದರೆ 110 ವ್ಯಾಟ್. ಗೇರ್ ಬಾಕ್ಸು, ಬೆಲ್ಟುಗಳಲ್ಲಿ ಅರ್ಧದಷ್ಟು ನಷ್ಟವಾಗುತ್ತದೆಂದು ಧಾರಾಳವಾಗಿ ಹಿಡಿದರೂ ಮೋಟಾರಿನ ದಂಡದಲ್ಲಿ 220 ವ್ಯಾಟ್ ಸಾಕು. ಪ್ರಾರಂಭದ ಎಳೆತಕ್ಕೂ ಮುಂದೆ ಬೇರಿಂಗು ಬಿಗಿಯಾಗುವುದಕ್ಕೂ ಅವಕಾಶ ಬಿಟ್ಟು 0.37 ಕಿಲೋವ್ಯಾಟ್, ಎಂದರೆ ಅರ್ಧ ಅಶ್ವಶಕ್ತಿಯ ಮೋಟಾರು ಈ ಕೆಲಸಕ್ಕೆ ತಕ್ಕದ್ದು. ಇದೇ ಕನ್ವೇಯರಿಗೆ ದರಪಟ್ಟಿಯಲ್ಲಿ 2 ಅಶ್ವಶಕ್ತಿ ಎಂದಿದ್ದರೆ, ಅದು ಏಕೆಂದು ಕೇಳುವ ಹಕ್ಕು ಖರೀದಿದಾರರಿಗಿದೆ. ಸಮಂಜಸವಾದ ಉತ್ತರ ಇರಲೂಬಹುದು. ಲೆಕ್ಕವನ್ನು ಕಾಗದದ ಮೇಲೆ ತೋರಿಸುವಂತೆ ಕೇಳತಕ್ಕದ್ದು.

ವಿದ್ಯುತ್ ಉಳಿತಾಯದ ಮಾತು

ಮೋಟಾರು ರೋಲರುಗಳಿಂದ ವಿದ್ಯುತ್ ಬಹಳ ಉಳಿಯುತ್ತದೆ ಎಂದು ಹೇಳಲಾಗುತ್ತದೆ. ಸರಕು ಇದ್ದಾಗ ಮಾತ್ರ ತಿರುಗುವುದರಿಂದ ಮಾತು ಸುಳ್ಳಲ್ಲ. ಆದರೆ ಉಳಿತಾಯದ ಮೊತ್ತವೆಷ್ಟು?

ಮೇಲಿನ ಘಟಕದಲ್ಲಿ ಒಂದೇ ಮೋಟಾರು ತುಂಬಿದ ಹೊರೆಯೊಡನೆ ಸುಮಾರು 300 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ದಿನಕ್ಕೆ 9 ಗಂಟೆಗೆ 2.7 ಯೂನಿಟ್. ಅದೇ ಕನ್ವೇಯರನ್ನು 0.6 ಮೀಟರಿನ 20 ವಿಭಾಗಗಳನ್ನಾಗಿ ಮಾಡಿ, ಪ್ರತಿ ಮೋಟಾರು ರೋಲರು ತಿರುಗುವಾಗ 30 ವ್ಯಾಟ್, ಐದರಲ್ಲಿ ಒಂದು ಪಾಲು ಸಮಯ ಮಾತ್ರ ತಿರುಗುತ್ತದೆ ಎಂದು ಹಿಡಿದರೆ ಸರಾಸರಿ 120 ವ್ಯಾಟ್. ಕಾರ್ಡುಗಳು, ಸಂವೇದಕಗಳು ಸುಮ್ಮನಿದ್ದಾಗಲೂ ಎಳೆಯುವ 40 ವ್ಯಾಟ್ ಸೇರಿಸಿದರೆ 160 ವ್ಯಾಟ್. 9 ಗಂಟೆಗೆ ಸುಮಾರು 1.4 ಯೂನಿಟ್. ಉಳಿಯುವುದು ದಿನಕ್ಕೆ 1.3 ಯೂನಿಟ್. ಯೂನಿಟ್ ಒಂದಕ್ಕೆ 7 ರೂಪಾಯಿ ಎಂದು ಭಾವಿಸಿದರೆ, 300 ಕೆಲಸದ ದಿನಗಳಿಗೆ ವರ್ಷಕ್ಕೆ ಸುಮಾರು 2,700 ರೂಪಾಯಿ. ಇಪ್ಪತ್ತು ಮೋಟಾರು ರೋಲರು ಮತ್ತು ಅಷ್ಟೇ ಕಾರ್ಡುಗಳ ಹೆಚ್ಚುವರಿ ಬೆಲೆಯ ಪಕ್ಕದಲ್ಲಿ ಈ ಮೊತ್ತವನ್ನಿಟ್ಟು ನೋಡಿದರೆ ವಿದ್ಯುತ್ ಬಿಲ್ಲಿನ ಉಳಿತಾಯವೊಂದನ್ನೇ ನಂಬಿ ಇದನ್ನು ಕೊಳ್ಳುವುದು ಸಣ್ಣ ಘಟಕಕ್ಕೆ ಸಲ್ಲದು. ನೂರಾರು ಮೀಟರ್ ಉದ್ದದ ಉಗ್ರಾಣಗಳ ಲೆಕ್ಕ ಬೇರೆ. ಸರಕನ್ನು ನಡುವೆ ನಿಲ್ಲಿಸಿ ಕಾಯಿಸಬೇಕಾಗಿದ್ದರೆ, ಅಥವಾ ಸುರಕ್ಷತೆಯ ಕಾರಣವಿದ್ದರೆ ಕೊಳ್ಳಬಹುದು. ಕಾರಣವನ್ನು ಯೋಜನಾ ವರದಿಯಲ್ಲಿ ಹಾಗೆಯೇ ಬರೆಯಬಹುದು. ಪೆಟ್ಟಿಗೆ ಇಲ್ಲದಾಗ ಒಂದೇ ಮೋಟಾರನ್ನು ನಿಲ್ಲಿಸುವ ಒಂದು ಸಂವೇದಕ ಮತ್ತು ಟೈಮರು ಅಳವಡಿಸಿದರೂ ಈ ಉಳಿತಾಯದ ಒಂದು ಭಾಗ ದೊರೆಯುತ್ತದೆ.

ಮೂರು ಫೇಸ್ ಮತ್ತು ಒಂದು ಫೇಸ್

ಮೋಟಾರುಗಳು ಸುಡಲು ಪ್ರಧಾನ ಕಾರಣಗಳಲ್ಲೊಂದು ಮೂರು ಫೇಸ್‌ಗಳಲ್ಲಿ ಒಂದು ತಪ್ಪಿಹೋಗುವುದು. ಉಳಿದೆರಡು ಫೇಸ್‌ಗಳಲ್ಲಿಯೇ ಮೋಟಾರು ಏದುಸಿರು ಬಿಡುತ್ತ ಓಡಿ, ಕಾವೇರಿ, ಸುರುಳಿ ಕರಗುತ್ತದೆ. ಫೇಸ್ ತಪ್ಪಿದಾಗ ಮೋಟಾರನ್ನು ಕಡಿತಗೊಳಿಸುವ ಸಾಧನ ಮತ್ತು ಓವರ್‌ಲೋಡ್ ರಿಲೇ ಇವೆರಡೂ ಸ್ಟಾರ್ಟರಿನಲ್ಲಿ ಇರಲೇಬೇಕು. ಇವುಗಳ ಬೆಲೆ ಒಂದು ರೀವೈಂಡಿಂಗಿನ ಖರ್ಚಿಗೆ ಹೋಲಿಸಿದರೆ ದೊಡ್ಡದಲ್ಲ.

ಮೂರು ಫೇಸ್ ಸಂಪರ್ಕವಿಲ್ಲದ ಕಡೆ, ಒಂದು ಫೇಸ್‌ನ 230 ವೋಲ್ಟ್ ಪಡೆದು ಮೂರು ಫೇಸ್ ಹೊರಡಿಸುವ ಆವರ್ತನ ನಿಯಂತ್ರಕವನ್ನು ಬಳಸಬಹುದು. ರೂಢಿಯಲ್ಲಿ ಇದನ್ನು ವಿ.ಎಫ್.ಡಿ. ಎನ್ನುತ್ತಾರೆ. ಅರ್ಧ, ಒಂದು ಅಶ್ವಶಕ್ತಿಯ ಮೋಟಾರಿಗೆ ಇದು ಸುಲಭವಾಗಿ ದೊರೆಯುತ್ತದೆ. ಕನ್ವೇಯರು ಮೆಲ್ಲಗೆ ಹೊರಡುವುದರಿಂದ ಪೆಟ್ಟಿಗೆಗಳು ಮುಗ್ಗರಿಸುವುದಿಲ್ಲ, ನೇರವಾಗಿ ಚಾಲೂ ಮಾಡಿದಾಗ ಮೋಟಾರು ಎಳೆಯುವ ಐದಾರು ಪಟ್ಟು ವಿದ್ಯುತ್ ಪ್ರವಾಹವೂ ತಪ್ಪುತ್ತದೆ, ವೇಗವನ್ನೂ ಬದಲಿಸಬಹುದು. ಇಲ್ಲಿ ಒಂದು ಎಚ್ಚರಿಕೆ. ಇಂತಹ ನಿಯಂತ್ರಕದಿಂದ ಹೊರಡುವುದು 230 ವೋಲ್ಟಿನ ಮೂರು ಫೇಸ್. 415 ವೋಲ್ಟಿಗೆಂದು ಸುರುಳಿ ಸುತ್ತಿದ ಮೋಟಾರನ್ನು ಇದಕ್ಕೆ ಜೋಡಿಸಿದರೆ ಅದಕ್ಕೆ ಪೂರ್ಣ ಬಲ ಬರುವುದಿಲ್ಲ. ಡೆಲ್ಟಾ ಜೋಡಣೆಯಲ್ಲಿ 230 ವೋಲ್ಟಿಗೆ ಹೊಂದುವ ಮೋಟಾರೇ ಆಗಿರಬೇಕೆಂದು ಖರೀದಿ ಆದೇಶದಲ್ಲಿ ಬರೆಯತಕ್ಕದ್ದು. ಮೋಟಾರಿನ ನಾಮಫಲಕವನ್ನು ನೋಡಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಹಾಗೆಯೇ ವೇಗವನ್ನು ಅರ್ಧಕ್ಕಿಂತ ಕೆಳಗಿಳಿಸಿ ಇಡೀ ದಿನ ನಡೆಸಿದರೆ ಮೋಟಾರಿನ ಸ್ವಂತ ಪಂಖದ ಗಾಳಿ ಸಾಲದೆ ಅದು ಕಾಯುತ್ತದೆ. ಸದಾ ನಿಧಾನವೇ ಬೇಕಿದ್ದರೆ ಗೇರ್ ಬಾಕ್ಸಿನ ಅನುಪಾತವನ್ನು ಬದಲಿಸಿಕೊಳ್ಳಬೇಕು.

ಸಂಪರ್ಕ ದೊರೆಯುವ ಫೀಡರಿನಲ್ಲಿ ಮೂರು ಫೇಸ್ ದಿನಕ್ಕೆ ಎಷ್ಟು ಗಂಟೆ ಇರುತ್ತದೆ ಎಂಬುದನ್ನು ತಮ್ಮ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಮೋಟಾರನ್ನು ನಿಶ್ಚಯಿಸುವುದು ಒಳಿತು.

ಸುರಕ್ಷತೆ

ರೋಲರು ಮತ್ತು ಬೆಲ್ಟು ಸೇರುವ ಸಂದಿ, ಸರಪಳಿ ಹಲ್ಲುಗಾಲಿಯನ್ನು ಹಿಡಿಯುವ ಸ್ಥಳ, ತಿರುಗುವ ಉದ್ದ ದಂಡ ಇವು ಮೂರೂ ಕೈಬೆರಳನ್ನು ಸೆಳೆದುಕೊಳ್ಳುವ ಜಾಗಗಳು. ಪೊಟ್ಟಣ ಕಟ್ಟುವ ಘಟಕಗಳಲ್ಲಿ ಕೆಲಸ ಮಾಡುವವರಲ್ಲಿ ಮಹಿಳೆಯರು ಹೆಚ್ಚು. ಸೀರೆಯ ಸೆರಗು, ದುಪ್ಪಟ್ಟಾ, ಜಡೆ ದಂಡಕ್ಕೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಚಲಿಸುವ ಭಾಗಗಳಿಗೆ ಭದ್ರವಾದ ಆವರಣ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಕಲಮು ವಿಧಿಸಿತ್ತು. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಕುರಿತ 2020ರ ಸಂಹಿತೆ ಬಂದ ಮೇಲೂ ಕೆಲಸದ ಸ್ಥಳವನ್ನು ಅಪಾಯರಹಿತವಾಗಿ ಇಡುವ ಹೊಣೆ ಮಾಲೀಕರದೇ ಆಗಿದೆ. ಘಟಕ ಚಿಕ್ಕದು, ಕೆಲಸಗಾರರು ನಾಲ್ಕೇ ಜನ ಎಂಬುದು ಬೆರಳು ಕಳೆದುಕೊಂಡವರಿಗೆ ಸಮಾಧಾನವಾಗದು.

ಈ ವಿಷಯದಲ್ಲಿ ಚಾಲನಾ ವ್ಯವಸ್ಥೆಗಳ ನಡುವೆ ನಿಜವಾದ ವ್ಯತ್ಯಾಸವಿದೆ. ಮೋಟಾರು ರೋಲರಿನಲ್ಲಿ ಉದ್ದ ಸರಪಳಿಯಾಗಲಿ ದಂಡವಾಗಲಿ ಇಲ್ಲ, ವಿದ್ಯುತ್ತು 24 ವೋಲ್ಟ್, ಒಂದೊಂದು ವಿಭಾಗದ ಬಲವೂ ಕಡಿಮೆ. ಜನರು ಕನ್ವೇಯರಿನ ಪಕ್ಕದಲ್ಲಿಯೇ ನಿಂತು ದಿನವಿಡೀ ಕೈಹಾಕುವ ಕಡೆ, ಬೆಲೆ ಹೆಚ್ಚಾದರೂ ಇದನ್ನೇ ಪರಿಗಣಿಸಲು ಸಾಕಷ್ಟು ಕಾರಣವಿದೆ. ಹಾಗೆಂದು ಅದರ ಬೆಲ್ಟುಗಳಿಗೆ ಮುಚ್ಚಳ ಬೇಡವೆಂದಲ್ಲ. ಸರಪಳಿ ಚಾಲನೆಯಾದರೆ ಪೂರ್ಣ ಮುಚ್ಚಿದ ಪೆಟ್ಟಿಗೆ ಕಡ್ಡಾಯವೆಂದೇ ತಿಳಿಯಬೇಕು. ಯಾವುದೇ ವ್ಯವಸ್ಥೆಯಲ್ಲಿ ಕನ್ವೇಯರಿನ ಉದ್ದಕ್ಕೂ ಕೈಗೆಟಕುವ ಎಳೆಹಗ್ಗದ ತುರ್ತು ನಿಲುಗಡೆ ಇರಲಿ. ಸಿಕ್ಕಿಕೊಂಡ ಪೆಟ್ಟಿಗೆಯನ್ನು ಬಿಡಿಸುವ ಮುನ್ನ ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು, ಮುಖ್ಯ ಸ್ವಿಚ್ಚನ್ನು ತೆಗೆದು ಬೀಗ ಹಾಕಬೇಕು. ಸಂವೇದಕವಿರುವ ಕನ್ವೇಯರು ಪೆಟ್ಟಿಗೆ ಸರಿದೊಡನೆ ತಾನಾಗಿಯೇ ಹೊರಡುತ್ತದೆ ಎಂಬುದನ್ನು ಕೆಲಸಗಾರರಿಗೆ ಮೊದಲ ದಿನವೇ ತಿಳಿಸತಕ್ಕದ್ದು.

ದರಪಟ್ಟಿಯಲ್ಲಿ ಏನಿರಬೇಕು?

ಸರಕಿನ ಅತಿ ಚಿಕ್ಕ ಹಾಗೂ ಅತಿ ದೊಡ್ಡ ಅಳತೆ, ಗರಿಷ್ಠ ತೂಕ, ಕನ್ವೇಯರಿನ ಉದ್ದ ಮತ್ತು ವೇಗ, ರೋಲರುಗಳ ಅಂತರ, ಚಾಲನೆಯ ವಿಧ, ಮೋಟಾರಿನ ಕಿಲೋವ್ಯಾಟ್, ವೋಲ್ಟೇಜ್ ಮತ್ತು ಫೇಸ್, ಧೂಳು ಹಾಗೂ ನೀರಿನಿಂದ ರಕ್ಷಣೆಯ ದರ್ಜೆ ಇವು ದರಪಟ್ಟಿಯಲ್ಲಿ ಸ್ಪಷ್ಟವಾಗಿ ಇರುವಂತೆ ನೋಡಿಕೊಳ್ಳಬೇಕು. ನೀರು ಹಾಯಿಸಿ ತೊಳೆಯುವ ಘಟಕಗಳಿಗೆ ಐಪಿ 65, ಒಣ ಪ್ಯಾಕಿಂಗ್ ಕೋಣೆಗೆ ಐಪಿ 55 ಸಾಮಾನ್ಯವಾಗಿ ಸಾಕು. ಇಂಡಕ್ಷನ್ ಮೋಟಾರುಗಳ ದಕ್ಷತೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 12615. ನಾಮಫಲಕದಲ್ಲಿ ಐಇ 2, ಐಇ 3 ಎಂಬ ದರ್ಜೆ ನಮೂದಾಗಿರುತ್ತದೆ. ಬಿಡಿಭಾಗಗಳ ಬೆಲೆ ಮತ್ತು ಅವು ಎಷ್ಟು ದಿನಗಳಲ್ಲಿ ದೊರೆಯುತ್ತವೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಬೇರೆ ಬೇರೆ ಮಾರಾಟಗಾರರಿಂದ ದರಪಟ್ಟಿ ತರಿಸುವಾಗ ಇದೇ ವಿವರಗಳ ಒಂದೇ ಪಟ್ಟಿಯನ್ನು ಎಲ್ಲರಿಗೂ ಕೊಡತಕ್ಕದ್ದು. ಇಲ್ಲವಾದರೆ ಒಬ್ಬರ ಸರಪಳಿಯ ಬೆಲೆಯನ್ನು ಇನ್ನೊಬ್ಬರ ಮೋಟಾರು ರೋಲರಿನ ಬೆಲೆಯೊಡನೆ ಹೋಲಿಸಿದಂತಾಗುತ್ತದೆ.

ಯೋಜನಾ ವರದಿಯ ಸಿದ್ಧತೆ ಹಾಗೂ ಅರ್ಜಿಗೆ ಸಂಬಂಧಿಸಿದ ಮಾರ್ಗದರ್ಶನಕ್ಕಾಗಿ ಅರ್ಜಿದಾರರು ಕಚೇರಿ ವೇಳೆಯಲ್ಲಿ ತಮ್ಮ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು. ಬರುವಾಗ ಸರಕಿನ ಅಳತೆ ಮತ್ತು ತೂಕದ ವಿವರ, ಘಟಕದ ನಕ್ಷೆ ಹಾಗೂ ಪಡೆದಿರುವ ದರಪಟ್ಟಿಗಳನ್ನು ಜೊತೆಯಲ್ಲಿ ತರುವುದು.